ಅತ್ತಿಗೆಯ ಕಾಲು, ನನ್ನ ಕಾಲು

ನಾನು ಮದುವೆಯಾಗಿ ಬಂದ ಮನೆ ಮಂಜೇಶ್ವರದ ಆಚೆ ಬಂದ್ಯೋಡು ಪೇಟೆಯಿಂದ ಒಳಗೆ, ಮುರಕಲ್ಲಿನ ಕೆಂಪು ಗುಡ್ಡೆಯ ಬುಡದಲ್ಲಿತ್ತು. ಮನೆಯಲ್ಲಿ ಇದ್ದವರು ಇಬ್ಬರೇ, ನನ್ನ ಗಂಡ ಮತ್ತು ಅವರ ಅಕ್ಕ. ಅತ್ತೆ ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ಅತ್ತಿಗೆ ಸಣ್ಣ ಪ್ರಾಯದಲ್ಲಿ ಗಂಡನನ್ನು ಕಳಕೊಂಡು ತವರಿಗೆ ಮರಳಿದವರು. ಮಕ್ಕಳಿರಲಿಲ್ಲ. ತಮ್ಮನನ್ನು ಎತ್ತಿ ಆಡಿಸಿ, ಶಾಲೆಗೆ ಕಳಿಸಿ, ಕಡೆಗೆ ನನ್ನನ್ನು ನೋಡಿ ಒಪ್ಪಿಕೊಂಡು ಬಂದದ್ದೂ ಅವರೇ. ಇವರು, ನನ್ನ ಗಂಡ, ಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಾವಿಬ್ಬರು ಹೆಂಗಸರು ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು.

ಅತ್ತಿಗೆಯ ಕೈ ಓಡುವುದನ್ನು ನೋಡುತ್ತಾ ಕೂತರೆ ನನ್ನ ಕೈ ನಿಂತುಬಿಡುತ್ತಿತ್ತು. ನನಗೆ ಎಲೆ ಕತ್ತರಿಸುವುದರಿಂದ ಹಿಡಿದು ಎಲ್ಲವನ್ನೂ ಅವರೇ ಕಲಿಸಿದರು. "ನೀನು ಕಟ್ಟಿದ ಬೀಡಿ ನೋಡಿದರೆ ಸೇದುವವನೇ ಸೇದುವುದು ಬಿಟ್ಟಾನು ಮಾರಾಯ್ತಿ" ಎಂದು ನಗುತ್ತಿದ್ದರು. ಎತ್ತರದ ಆಳು. ನಡೆದರೆ ಜತೆಯವರು ಓಡಬೇಕು. ಬಂದ್ಯೋಡಿಗೆ ಬಸ್ಸು ಸಿಗದಿದ್ದರೆ ಅವರಿಗೆ ಅದೊಂದು ಸಂಗತಿಯೇ ಅಲ್ಲ, ಸೆರಗು ಸಿಕ್ಕಿಸಿ ನಡೆದೇ ಹೋಗಿ ಬರುವರು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಗೇರುಬೀಜದ ಸಮಯ. ಗುಡ್ಡೆಯ ಮೇಲೆ ನಮ್ಮ ಪಾಲಿನ ಸ್ವಲ್ಪ ಗೇರುಮರಗಳಿದ್ದವು. ಆ ದಿನ ಆದಿತ್ಯವಾರವಾದ್ದರಿಂದ ಇವರಿಗೂ ರಜೆ. ಬೆಳಿಗ್ಗೆ ಗಂಜಿ ಕುಡಿದು ಮೂವರೂ ಬೀಜ ಹೆಕ್ಕಲು ಹತ್ತಿದೆವು. ಮರದ ಬುಡದಲ್ಲಿ ಒಣ ತರಗೆಲೆ ಪಾದ ಮುಳುಗುವಷ್ಟು ಬಿದ್ದಿತ್ತು. ಬೀಜ ಅದರೊಳಗೆ ಅಡಗಿರುತ್ತದೆ. ಈಗಾದರೆ ನಾನು ಕೋಲಿನಿಂದ ಕೆದಕದೆ ಕೈ ಹಾಕುವುದಿಲ್ಲ, ಮಂಡಿಯವರೆಗಿನ ಬೂಟು ಹಾಕದೆ ಕಾಲಿಡುವುದಿಲ್ಲ. ಆಗ ನಾವೆಲ್ಲ ಬರಿಗಾಲು, ಬರಿಗೈ. ಊರಿನಲ್ಲಿ ಎಲ್ಲರೂ ಹಾಗೆಯೇ ಹೆಕ್ಕುತ್ತಿದ್ದರು.

ಮೊದಲು ಸದ್ದು ಕೇಳಿತು. ಕುಕ್ಕರಿನಲ್ಲಿ ಸೀಟಿ ಆಗುವ ಮೊದಲು ಉಗಿ ಹೋಗುತ್ತದಲ್ಲ, ಹಾಗೆ. ನಾನು ತಲೆ ಎತ್ತುವುದರೊಳಗೆ ಅತ್ತಿಗೆ "ಅಯ್ಯೋ" ಎಂದು ಎಡಗಾಲು ಎತ್ತಿಕೊಂಡರು. ತರಗೆಲೆಯ ಮೇಲೆ ತರಗೆಲೆಯದ್ದೇ ಬಣ್ಣದ ದಪ್ಪ ಹಾವು, ಮೈಮೇಲೆ ಸರಪಳಿಯ ಹಾಗೆ ಕಂದು ಮಚ್ಚೆಗಳು. ಕನ್ನಡಿ ಹಾವು. ಕೊಳಕುಮಂಡಲ ಎಂದೂ ಹೇಳುತ್ತಾರೆ. ಪಾದದ ಬದಿಗೆ, ಹಿಮ್ಮಡಿಗಿಂತ ಸ್ವಲ್ಪ ಮುಂದೆ ಎರಡು ಕಡೆ ರಕ್ತ ಜಿನುಗುತ್ತಿತ್ತು.

ಇವರು ಕೋಲು ಹಿಡಿದು ಹಾವಿನ ಹಿಂದೆ ಓಡಿದರು. ಅದು ಕಲ್ಲಿನ ಸಂದಿಗೆ ಹೋಯಿತು. ತಿರುಗಿ ಬಂದವರೇ ಬೀಜದ ಗೋಣಿ ಕಟ್ಟಲು ತಂದಿದ್ದ ಹಗ್ಗವನ್ನು ಅಕ್ಕನ ಮೊಣಕಾಲಿನ ಕೆಳಗೆ ಸುತ್ತಿದರು. ಸುತ್ತಿ ಗಂಟು ಹಾಕಿ, ಗಂಟಿನೊಳಗೆ ಕೋಲಿನ ತುಂಡು ತೂರಿಸಿ ತಿರುಪಿದರು. ಕೋರೆಯಲ್ಲಿ ಕಲ್ಲು ಎತ್ತುವ ಕೈ ಅದು. ಹಗ್ಗ ಮಾಂಸದೊಳಗೆ ಹೂತುಹೋಯಿತು.

"ವಿಷ ಮೇಲೆ ಹತ್ತಬಾರದು ಅಕ್ಕ, ಸ್ವಲ್ಪ ತಡಕೋ."

"ಕಚ್ಚಿದ್ದಕ್ಕಿಂತ ಇದೇ ಜಾಸ್ತಿ ನೋವಾಗ್ತದೆ ಮಾರಾಯ. ಸಡಿಲ ಮಾಡು."

"ಇಲ್ಲ ಅಕ್ಕ. ಸಡಿಲ ಮಾಡಿದರೆ ನೀನು ಉಳಿಯುವುದಿಲ್ಲ."

ಇವರು ಅಳುತ್ತಿದ್ದರು. ಅಷ್ಟು ಗಟ್ಟಿಯಾಗಿ ಕಟ್ಟಿದ್ದು ಅಷ್ಟು ಪ್ರೀತಿಯಿಂದ. ಇದನ್ನು ನಾನು ಕಣ್ಣಾರೆ ಕಂಡವಳು, ಆದ್ದರಿಂದ ಬರೆಯಲೇಬೇಕು.

ಗುಡ್ಡೆಯಿಂದ ಕೆಳಗೆ ಅತ್ತಿಗೆಯನ್ನು ನಾವು ನಡೆಸಿಕೊಂಡೇ ಬಂದೆವು. ಒಂದು ಬದಿಗೆ ಇವರು, ಇನ್ನೊಂದು ಬದಿಗೆ ನಾನು. ನಡೆಸಬಾರದು, ಕಚ್ಚಿಸಿಕೊಂಡ ಕಾಲನ್ನು ಅಲ್ಲಾಡಿಸಲೂ ಬಾರದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಅಂಗಳಕ್ಕೆ ಬರುವಾಗ ನೆರೆಕರೆಯವರು ಸೇರಿದ್ದರು. ಒಬ್ಬರು ಬ್ಲೇಡಿನಿಂದ ಗಾಯ ಕೊಯ್ದು ರಕ್ತ ಹಿಂಡಿದರು. ಇನ್ನೊಬ್ಬರು ಕರಿಮೆಣಸು ಜಗಿಸಿ "ಖಾರ ಉಂಟಾ?" ಎಂದು ಕೇಳಿದರು. ಅತ್ತಿಗೆ "ಉಂಟು" ಎಂದರು. "ಹಾಗಾದರೆ ವಿಷ ಏರಲಿಲ್ಲ" ಎಂದು ಎಲ್ಲರಿಗೂ ಉಸಿರು ಬಂತು.

ಗುಡ್ಡೆಯ ಆಚೆ ಬದಿಯಲ್ಲಿ ಹಾವಿನ ಮದ್ದು ಕೊಡುವ ಒಬ್ಬ ಹಿರಿಯರಿದ್ದರು. ನೆರೆಯ ಬ್ಯಾರಿ ಮನೆಯವರ ಜೀಪಿನಲ್ಲಿ ಅಲ್ಲಿಗೆ ಕರಕೊಂಡು ಹೋದೆವು. ಅವರು ಮದುವೆಗೆ ಹೋಗಿದ್ದರು. ಅವರ ಮನೆಯ ಜಗಲಿಯಲ್ಲಿ ಅತ್ತಿಗೆಯನ್ನು ಗೋಡೆಗೆ ಒರಗಿಸಿ ಕೂರಿಸಿ ಕಾದೆವು. ಮಧ್ಯಾಹ್ನ ಕಳೆದು ಅವರು ಬಂದರು. ಒಳ್ಳೆಯ ಮನುಷ್ಯ, ಬಟ್ಟೆ ಕೂಡ ಬದಲಿಸದೆ ಬೇರು ಅರೆದು ಕುಡಿಸಿದರು, ಗಾಯಕ್ಕೆ ಲೇಪ ಹಚ್ಚಿದರು. ಹಗ್ಗ ಹಾಗೆಯೇ ಇತ್ತು. ಅದರ ಕೆಳಗೆ ಕಾಲು ಉಬ್ಬಿ ಹೊಳೆಯುತ್ತಿತ್ತು, ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಸ್ವಲ್ಪ ಹೊತ್ತಿಗೆ ಅತ್ತಿಗೆ ವಾಂತಿ ಮಾಡಿದರು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಾಗಿತ್ತು. ವಸಡಿನಿಂದ ರಕ್ತ. ಅದನ್ನು ನೋಡಿದ ಆ ಹಿರಿಯರ ಮುಖ ಇಳಿದುಹೋಯಿತು. "ಇದು ನನ್ನ ಕೈಯಲ್ಲಿಲ್ಲ. ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಿ" ಎಂದರು.

ಹತ್ತಿರದ ಆಸ್ಪತ್ರೆಗೆ ಹೋದೆವು. ಅಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇರಲಿಲ್ಲ. ಮಂಗಳೂರಿಗೇ ಹೋಗಿ ಎಂದರು. ಮಂಜೇಶ್ವರ ದಾಟುವಾಗ ಪಕ್ಕದ ರಸ್ತೆಯ ರೈಲ್ವೆ ಗೇಟು ಹಾಕಿದ ಕಾರಣ ಕೆಲವು ವಾಹನಗಳು ಹೆದ್ದಾರಿಗೆ ಅಡ್ಡ ನಿಂತಿದ್ದವು. ಜೀಪಿನವರು ಹಾರ್ನ್ ಒತ್ತಿ ಹಿಡಿದು, ಕೈ ಹೊರಗೆ ಹಾಕಿ ಬೈಯುತ್ತಾ ಹೇಗೋ ದಾರಿ ಮಾಡಿದರು. ಅತ್ತಿಗೆಯ ತಲೆ ನನ್ನ ಮಡಿಲಲ್ಲಿತ್ತು. ಕಣ್ಣಿನ ಬಿಳಿಯಲ್ಲಿ ರಕ್ತ ಹರಡಿತ್ತು. ನನ್ನ ಕೈ ಹಿಡಿದು "ಹಗ್ಗ... ಹಗ್ಗ..." ಎನ್ನುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿದ್ದ ಇವರನ್ನು ನೋಡಿದೆ. ಇವರು ತಿರುಗಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಕಾಲು ನೋಡಿದ ಡಾಕ್ಟರು ಮೊದಲು ಕೇಳಿದ್ದು, "ಯಾರು ಕಟ್ಟಿದ್ದು?"

"ನಾನು" ಎಂದರು ಇವರು.

ಡಾಕ್ಟರು ಬೈಯಲಿಲ್ಲ. ನನಗೆ ಈಗಲೂ ಅನಿಸುವುದುಂಟು, ಬೈದಿದ್ದರೆ ಒಳ್ಳೆಯದಿತ್ತು. ಹಗ್ಗವನ್ನು ಅವರು ಕೂಡಲೇ ಕತ್ತರಿಸಲಿಲ್ಲ. ಒಮ್ಮೆಲೇ ಬಿಚ್ಚಿದರೆ ಕೆಳಗೆ ನಿಂತ ವಿಷವೆಲ್ಲ ಒಟ್ಟಿಗೆ ನುಗ್ಗುತ್ತದೆ ಎಂದರು. ಮದ್ದಿನ ಡ್ರಿಪ್ಪು ಹಾಕಿ, ಪಕ್ಕದಲ್ಲಿ ನಿಂತು ಸಾವಕಾಶ ಸಡಿಲಿಸಿದರು. ಆಮೇಲೆ ಹೊರಗೆ ಬಂದು ಹೇಳಿದರು. "ಈ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ತಿನ್ನುತ್ತದೆ. ನೀವು ಕಟ್ಟಿ ಅದನ್ನು ಅಲ್ಲೇ ನಿಲ್ಲಿಸಿದಿರಿ, ಮೇಲಿನಿಂದ ರಕ್ತವೂ ಬರದ ಹಾಗೆ ಮಾಡಿದಿರಿ. ಜೀವಕ್ಕೆ ಪ್ರಯತ್ನ ಮಾಡ್ತೇವೆ. ಕಾಲಿನ ವಿಷಯ ಈಗ ಹೇಳಲಿಕ್ಕೆ ಬರುವುದಿಲ್ಲ."

ಜೀವ ಉಳಿಯಿತು. ಮೂತ್ರ ನಿಂತುಹೋಗಿ, ಕಿಡ್ನಿಗೆ ಬಿದ್ದ ಪೆಟ್ಟಿಗೆ ವಾರಗಟ್ಟಲೆ ಡಯಾಲಿಸಿಸ್ ಮಾಡಬೇಕಾಯಿತು. ಪಾದ ಕಪ್ಪಾಗಿ ವಾಸನೆ ಬರಲು ಶುರುವಾಯಿತು. ಮೊದಲು ಬೆರಳುಗಳನ್ನು ತೆಗೆದರು. ಕೊಳೆತ ನಿಲ್ಲಲಿಲ್ಲ. ಕಡೆಗೆ ಮೊಣಕಾಲಿನ ಕೆಳಗೆ, ಹಗ್ಗದ ಗುರುತು ಇದ್ದ ಜಾಗದ ಹತ್ತಿರವೇ ಕಾಲು ಕತ್ತರಿಸಿದರು.

ಮನೆಗೆ ಬಂದ ಮೇಲೆ ಸಂಬಂಧಿಕರು ಸಾಲುಸಾಲಾಗಿ ಬಂದರು. ನಾಗದೋಷ ಇರಬೇಕು, ನಾಗಬನದಲ್ಲಿ ತಂಬಿಲದ ಪೂಜೆ ಕೊಡಿಸಿ ಎಂದರು. ಅತ್ತಿಗೆ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡರು. "ವರ್ಷವೂ ಕೊಡುವುದನ್ನು ಕೊಡುವ. ಆದರೆ ಕಚ್ಚಿದ್ದು ನಾಗ ಅಲ್ಲ, ಕನ್ನಡಿ ಹಾವು. ತರಗೆಲೆಯಲ್ಲಿ ಮಲಗಿತ್ತು, ನಾನು ಮೆಟ್ಟಿದೆ" ಎಂದರು.

ಕೃತಕ ಕಾಲು ಅವರಿಗೆ ಹಿಡಿಸಲಿಲ್ಲ. ಕಾಲು ತೆಗೆದ ತುದಿ ಹುಣ್ಣಾಗುತ್ತಿತ್ತು. ಕಂಕುಳಿಗೆ ಕೊಡುವ ಕೋಲು ಹಿಡಿದು ಜಗಲಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಜಗಲಿಗೆ. ಎತ್ತರದ ಹೆಂಗಸು ಕೂತು ಕೂತೇ ಗಿಡ್ಡ ಆದರು. ಇವರು ಕೆಲಸದಿಂದ ಬಂದ ಕೂಡಲೇ ಅಕ್ಕನಿಗೆ ಬಿಸಿನೀರು ಕಾಸುವುದು, ಬಚ್ಚಲಿಗೆ ಕೈ ಹಿಡಿದು ಕರಕೊಂಡು ಹೋಗುವುದು ಎಲ್ಲ ಮಾಡುವರು. ಅಕ್ಕ ಒಮ್ಮೆಯಾದರೂ ಬೈಯಲಿ ಎಂದು ಅವರ ಮನಸ್ಸು ಕಾಯುತ್ತಿತ್ತೆಂದು ನನಗೆ ಗೊತ್ತಾಗುತ್ತಿತ್ತು. ಅತ್ತಿಗೆ ಬೈಯಲಿಲ್ಲ. ಹಗ್ಗದ ಮಾತು ಆ ಮನೆಯಲ್ಲಿ ವರ್ಷಗಟ್ಟಲೆ ಯಾರ ಬಾಯಿಂದಲೂ ಬರಲಿಲ್ಲ.

ಬಂತು ಒಂದು ದಿನ. ನಮ್ಮ ಹತ್ತಿರದ ಶಾಲೆಯಲ್ಲಿ ಹಾವು ಕಡಿತದ ಬಗ್ಗೆ ಒಂದು ಕ್ಲಾಸ್ ಇಟ್ಟಿದ್ದರು. ಅತ್ತಿಗೆ ತಾನೂ ಬರುತ್ತೇನೆಂದು ಹಟ ಹಿಡಿದರು. ರಿಕ್ಷಾ ಮಾಡಿ ಹೋದೆವು. ಇವರು ಬಾಗಿಲ ಬಳಿ ನಿಂತರು. ಹಳ್ಳಿಗಳಿಗೆ ಸುತ್ತಿ ಕ್ಲಾಸ್ ಕೊಡುವ ಒಬ್ಬರು ಲೇಡಿ ಡಾಕ್ಟರು ಅರ್ಧ ಮಲಯಾಳದಲ್ಲಿ, ಅರ್ಧ ಕನ್ನಡದಲ್ಲಿ ಮಾತಾಡಿದರು. ಕಟ್ಟಬಾರದು, ಕೊಯ್ಯಬಾರದು, ಬಾಯಿಯಿಂದ ಹೀರಬಾರದು ಎಂದರು. ಉಂಗುರ, ಗೆಜ್ಜೆ, ಬಳೆ ಎಲ್ಲ ಊತ ಬರುವ ಮೊದಲೇ ತೆಗೆಯಬೇಕಂತೆ. ಮುರಿದ ಕಾಲಿಗೆ ಮಾಡುವ ಹಾಗೆ ಹಲಗೆ ಕೊಟ್ಟು ಅಲ್ಲಾಡದಂತೆ ಇಡಬೇಕು, ರಕ್ತ ಓಡಾಡುವಷ್ಟು ಸಡಿಲವಾಗಿ. ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ, ಮದ್ದು ಇರುವ ಆಸ್ಪತ್ರೆಗೆ ನೇರ ಹೋಗಿ, ಮೊದಲು ಫೋನ್ ಮಾಡಿ ಕೇಳಿ. ಹೀಗೆಲ್ಲ.

ಕಡೆಗೆ ಪ್ರಶ್ನೆ ಇದ್ದರೆ ಕೇಳಿ ಎಂದಾಗ ಅತ್ತಿಗೆ ಕೂತಲ್ಲಿಂದಲೇ ಕೈ ಎತ್ತಿದರು.

"ಕಟ್ಟದೇ ಇದ್ದಿದ್ದರೆ ನನ್ನ ಕಾಲು ಉಳಿಯುತ್ತಿತ್ತಾ?"

ಡಾಕ್ಟರು ಅತ್ತಿಗೆಯ ಸೀರೆಯಂಚಿನ ಕೆಳಗೆ ಕಾಲಿಲ್ಲದ ಜಾಗ ನೋಡಿದರು. "ಖಂಡಿತ ಅಂತ ಹೇಳಲಾರೆ ಅಮ್ಮ. ಬೇಗ ಮದ್ದು ಸಿಕ್ಕಿದ್ದರೆ, ಕಟ್ಟದೇ ಇದ್ದಿದ್ದರೆ, ಉಳಿಯುವ ಸಾಧ್ಯತೆ ಇತ್ತು."

ಅತ್ತಿಗೆ ತಲೆ ಆಡಿಸಿದರು. ನಾನು ಬಾಗಿಲ ಕಡೆ ನೋಡಿದಾಗ ಇವರು ಅಲ್ಲಿರಲಿಲ್ಲ.

ನನಗೆ ಕಚ್ಚಿದ್ದು ಅದಾಗಿ ಒಂದೆರಡು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಬೆಳಿಗ್ಗೆ ಬಚ್ಚಲಿನ ಒಲೆಗೆ ಹಾಕಲೆಂದು ಹಿತ್ತಿಲಿನ ತೆಂಗಿನ ಮಡಲಿನ ರಾಶಿಯಿಂದ ಒಂದು ಮಡಲು ಎಳೆದೆ. ಅದೇ ಉಗಿಯ ಸದ್ದು. ಹಿಂದೆ ಸರಿಯುವ ಮೊದಲೇ ಬಲಗಾಲಿನ ಹರಡಿನ ಗಂಟಿನ ಹತ್ತಿರ ಕೆಂಡ ಇಟ್ಟ ಹಾಗಾಯಿತು. ನಾನು ಕಿರುಚಿದ್ದೂ ನನಗೆ ಗೊತ್ತಿಲ್ಲ. ಕೆಲಸಕ್ಕೆ ಹೊರಟಿದ್ದ ಇವರು ಓಡಿಬಂದರು. ಕಾಲು ನೋಡಿದರು. ಹೆಗಲ ಮೇಲಿನ ಬೈರಾಸು ಬಟ್ಟೆ ಎಳೆದು ಎರಡೂ ಕೈಯಲ್ಲಿ ಹುರಿ ಮಾಡುತ್ತಾ ನನ್ನ ಹತ್ತಿರ ಕೂತರು. ಅವರಿಗೆ ಎಲ್ಲ ಗೊತ್ತಿತ್ತು. ಆದರೂ ಕೈ ತನ್ನಷ್ಟಕ್ಕೆ ಕಟ್ಟಲು ಹೊರಟಿತ್ತು.

ಠಪ್ ಎಂದು ಅವರ ಬೆನ್ನಿಗೆ ಏನೋ ಬಡಿಯಿತು. ಅತ್ತಿಗೆ ಹಿತ್ತಿಲ ಬಾಗಿಲಿನ ದಾರಂದ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದರು. ಎಸೆದದ್ದು ಅವರ ಕೋಲು.

"ಕಟ್ಟಿದರೆ ನೋಡು!" ಎಂದು ಕೂಗಿದರು. "ಬಿಡು ಅದನ್ನು. ಬಿಡು!"

ಇವರ ಕೈಯಿಂದ ಬೈರಾಸು ಬಿತ್ತು.

"ನೀನು ಏಳಬೇಡ, ಇದ್ದಲ್ಲೇ ಮಲಗು" ಎಂದು ನನಗೆ. "ಕಾಲುಂಗುರ ತೆಗೆ. ಗೆಜ್ಜೆ ತೆಗೆ."

ನನಗೆ ಆ ಹೊತ್ತಿನಲ್ಲೂ ಕಾಲುಂಗುರ ತೆಗೆಯಲು ಮನಸ್ಸು ಹಿಂಜರಿಯಿತು. "ಗಂಡ ಎದುರೇ ಇದ್ದಾನೆ, ಎಂತ ಆಗುವುದಿಲ್ಲ, ತೆಗೆ ಮಾರಾಯ್ತಿ" ಎಂದು ಗದರಿದರು. ಇವರೇ ಎಳೆದು ತೆಗೆದರು. ಬೀಡಿ ಎಲೆಯ ಕಟ್ಟು ಇಡುತ್ತಿದ್ದ ಹಲಗೆಯನ್ನು ಕಾಲಿನ ಅಡಿಗೆ ಕೊಟ್ಟು ಅತ್ತಿಗೆಯ ಹಳೆಯ ಸೀರೆಯಿಂದ ಮೇಲೆ ಕೆಳಗೆ ಸಡಿಲವಾಗಿ ಸುತ್ತಿದರು. "ಬೆರಳು ಹೋಗ್ತದಾ ಒಳಗೆ? ಹಾಕಿ ನೋಡು" ಎಂದು ಅತ್ತಿಗೆ ಬಾಗಿಲಿನಿಂದಲೇ ಕೇಳಿದರು. ಇವರು ಬೆರಳು ತೂರಿಸಿ ನೋಡಿ "ಹೋಗ್ತದೆ ಅಕ್ಕ" ಎಂದರು.

ಕೂಗು ಕೇಳಿ ಬಂದ ನೆರೆಯವರು ಮಡಲಿನ ರಾಶಿ ಬಿಚ್ಚಲು ಹೊರಟರು. "ಅದರ ಗೊಡವೆ ಬೇಡ, ಇನ್ನೊಬ್ಬರಿಗೆ ಕಚ್ಚೀತು" ಎಂದು ಅತ್ತಿಗೆ ತಡೆದರು. ಯಾರೋ ನಾಟಿ ಮದ್ದಿನ ಮಾತು ತೆಗೆದರು. ಅವರತ್ತ ಅತ್ತಿಗೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ ತೋರಿಸಿದರು. ಅಷ್ಟೇ. ಜೀಪು ಬರುವುದರೊಳಗೆ ಇವರು ಆಸ್ಪತ್ರೆಗೆ ಫೋನ್ ಮಾಡಿ ಹಾವಿನ ಮದ್ದು ಉಂಟೆಂದು ಕೇಳಿ ತಿಳಿದಿದ್ದರು. ಬೆಂಚಿನ ಮೇಲೆ ಮಲಗಿಸಿ ಜೀಪಿನವರೆಗೆ ಹೊತ್ತರು. ನಾನು ಒಂದು ಹೆಜ್ಜೆಯೂ ನಡೆಯಲಿಲ್ಲ.

ದಾರಿಯುದ್ದಕ್ಕೂ ನನಗೆ ಹೆದರಿಕೆಯಿತ್ತು. ಅತ್ತಿಗೆಯ ಕಪ್ಪು ಪಾದವೇ ಕಣ್ಣಿಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ನನ್ನ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ಅಲ್ಲಾಡಿಸದೆ ಇಟ್ಟರು. ಹೆಪ್ಪುಗಟ್ಟುತ್ತದೋ ಎಂದು ನೋಡಲಿಕ್ಕೆ. ಹೆಪ್ಪುಗಟ್ಟಲಿಲ್ಲ. ಕೂಡಲೇ ಮದ್ದು ಶುರುವಾಯಿತು. ಮದ್ದು ಏರುತ್ತಿದ್ದಂತೆ ಮೈಯೆಲ್ಲ ತುರಿಕೆ, ಚಳಿ, ಎದೆ ಬಿಗಿತ. ಮದ್ದಿಗೇ ಕೆಲವರಿಗೆ ಹೀಗಾಗುತ್ತದೆ, ಅದಕ್ಕೇ ಆಸ್ಪತ್ರೆಯಲ್ಲೇ ಕೊಡುವುದು ಎಂದು ನರ್ಸು ಹೇಳುತ್ತಾ ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಕಾಲು ಮೊಣಕಾಲಿನವರೆಗೆ ಬಾತಿತು. ನೋವಿನಲ್ಲಿ ದಿನ ರಾತ್ರಿಯ ಲೆಕ್ಕ ಹೋಯಿತು. ಆಮೇಲೆ ಊತ ಇಳಿಯಲು ಶುರುವಾಯಿತು. ನಾನು ನನ್ನ ಎರಡು ಕಾಲಿನಲ್ಲಿ ನಡೆದು ಮನೆಗೆ ಬಂದೆ.

ಅಂಗಳದಲ್ಲಿ ರಿಕ್ಷಾದಿಂದ ಇಳಿದು, ಓಡಿಹೋಗಿ ಅತ್ತಿಗೆಯ ಕೈ ಹಿಡಿಯಬೇಕೆಂದು ದಾರಿಯಲ್ಲೆಲ್ಲ ಅಂದುಕೊಂಡಿದ್ದೆ. ಅವರು ಜಗಲಿಯಲ್ಲಿ ಕೂತಿದ್ದರು. ನಾನು ಮೆಟ್ಟಿಲು ಹತ್ತುವುದನ್ನು ನೋಡಿದರು. ನನ್ನ ಮುಖವನ್ನಲ್ಲ, ಕಾಲನ್ನು. ಪಾದ ಮೆಟ್ಟಿಲ ಮೇಲೆ ಊರಿದ್ದು, ಎತ್ತಿದ್ದು, ಮುಂದಿನದಕ್ಕೆ ಇಟ್ಟದ್ದು, ಎಲ್ಲವನ್ನೂ ನೋಡಿದರು. ಆಮೇಲೆ ಗೆರಸೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು.

ತಿಂಗಳ ಮೇಲಾಯಿತು, ನನ್ನೊಡನೆ ಅವರು ಮಾತಾಡಲಿಲ್ಲ. ಊಟ ಬಡಿಸಿದರೆ ಉಣ್ಣುವರು, ಕೇಳಿದ್ದಕ್ಕೆ ಹೂಂ ಎನ್ನುವರು. ನಾನು ಜಗಲಿಗೆ ಬಂದರೆ ಚಾಪೆ ಮಡಚುವರು. ಮೊದಲು ನನಗೆ ಅರ್ಥವಾಗಲಿಲ್ಲ, ದುಃಖವಾಯಿತು, ಸಿಟ್ಟೂ ಬಂತು. ಆಮೇಲೆ ಅರ್ಥವಾಯಿತು. ಕ್ಲಾಸಿನಲ್ಲಿ ಡಾಕ್ಟರು ಹೇಳಿದ್ದು "ಸಾಧ್ಯತೆ ಇತ್ತು" ಎಂದು ಮಾತ್ರ. ಅದರಲ್ಲಿ, ಕಟ್ಟದಿದ್ದರೂ ಕಾಲು ಹೋಗುತ್ತಿತ್ತೇನೋ ಎಂಬ ಸಮಾಧಾನಕ್ಕೂ ಸ್ವಲ್ಪ ಜಾಗವಿತ್ತು. ಈಗ ನನ್ನ ಕಾಲು ಮನೆಯೊಳಗೆಲ್ಲ ಓಡಾಡಿ ಆ ಜಾಗವನ್ನೂ ಮುಚ್ಚಿಬಿಟ್ಟಿತ್ತು.

ಇವರಿಗೂ ಹಾಗೆಯೇ. ರಾತ್ರಿ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು ಒಂದು ದಿನ ನಡುವೆಯೇ ಎದ್ದು ಹೊರಗೆ ಹೋದರು.

ಕಡೆಗೆ ಒಂದು ಮಧ್ಯಾಹ್ನ, ನಾವಿಬ್ಬರೇ ಇದ್ದಾಗ, ಅತ್ತಿಗೆ ಕರೆದರು. "ಎಲ್ಲಿ, ತೋರಿಸು."

ನಾನು ಎದುರಿಗೆ ಕೂತು ಕಾಲು ಚಾಚಿದೆ. ಕಲೆಯ ಮೇಲೆ ಬೆರಳಾಡಿಸಿದರು. ಪಾದವನ್ನು ಕೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು.

"ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು" ಎಂದರು. "ನೀನು ಸಾಯಬಾರದು ಎಂದು ನಾನೇ ಕೂಗಿದ್ದು. ನೀನು ನಡೆದು ಬಂದಾಗ ನನಗೆ ಸಂತೋಷ ಆಗಲಿಲ್ಲ. ಎಂತ ಮಾಡುವುದು?"

ನಾನು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ. ಅವರು ಅದನ್ನು ಮಡಿಲಲ್ಲೇ ಇಟ್ಟುಕೊಂಡು ತುಂಬ ಹೊತ್ತು ಅತ್ತರು.

ಆ ಮೇಲೆ ಅವರಿಗೆ ಇದ್ದ ವರ್ಷಗಳು ಹೆಚ್ಚಿಲ್ಲ. ವಿಷ ತಾಗಿದ ಕಿಡ್ನಿ ಪೂರ್ತಿ ಸರಿಯಾಗಿರಲೇ ಇಲ್ಲ. ಮುಖ ಬಾತುಕೊಳ್ಳತೊಡಗಿತು, ಅನ್ನ ಸೇರದಾಯಿತು, ಮತ್ತೆ ಮಂಗಳೂರು, ಮತ್ತೆ ಡಯಾಲಿಸಿಸ್. ಹಾಸಿಗೆಯಲ್ಲಿ ಮಲಗಿದ್ದಾಗ ಒಂದು ಸಲ ಇವರೇ ಬಾಯಿ ಬಿಟ್ಟರು. "ಅಕ್ಕ, ನಾನು ಅಂದು ಕಟ್ಟಬಾರದಿತ್ತು."

"ಹೌದು" ಎಂದರು ಅತ್ತಿಗೆ. "ಕಟ್ಟಬಾರದಿತ್ತು." ಸ್ವಲ್ಪ ಹೊತ್ತಿನ ಮೇಲೆ, "ನೀನು ಕಟ್ಟದೆ ಬೇರೆ ಯಾರಾದರೂ ಕಟ್ಟುತ್ತಿದ್ದರು. ಅಂದು ಎಲ್ಲರೂ ಕಟ್ಟುತ್ತಿದ್ದದ್ದೇ. ನೀರು ಕೊಡು" ಎಂದರು.

ಅದು ಕ್ಷಮಿಸಿದ ಮಾತೋ ಅಲ್ಲವೋ ನಾನು ಹೇಳಲಾರೆ. ಇವರು ನೀರು ಕುಡಿಸಿ, ಲೋಟ ತೊಳೆದು ತರಲು ಹೋದವರು ಬಹಳ ಹೊತ್ತು ಬರಲಿಲ್ಲ.

ಮಳೆ ಹಿಡಿಯುವ ಮುಂಚೆ ಅತ್ತಿಗೆ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದ ದೂರದ ನೆಂಟರೊಬ್ಬರು ಇವರನ್ನು ಬದಿಗೆ ಕರೆದು ಎಂತ ಆಗಿತ್ತು ಎಂದು ಕೇಳಿದರು.

"ಹಾವು ಕಚ್ಚಿ" ಎಂದರು ಇವರು.

"ಅಯ್ಯೋ, ಯಾವಾಗ?" ಎಂದು ನೆಂಟರು ಗಾಬರಿಯಿಂದ ಅಂಗಳದ ಸುತ್ತ ನೋಡಿದರು. ಇವರು ಊಟದ ಎಲೆ ಹಾಕಲು ಒಳಗೆ ಹೋದರು.